ಎಡಗೈಲಿ ಬರೆದ ಆಟೋಗ್ರಾಫ್

ನಗೋದಿದ್ರೆ ಈಗ್ಲೇ ನಕ್ಕುಬುಡಿ, ಆಮೇಲೆ ನಗು ಬರಲ್ಲ. ಇದು ನನ್ನ ಚಿಕ್ಕಪ್ಪನ ಮಗಳು ರಂಜನಿಗೆ ಆದದ್ದು. ನಾವೀಗ ಕೂತಿದ್ದೀವಲ್ಲ, ಗೋಕುಲಂನ ಇದೇ ಮನೇಲಿ ಅವರಿದ್ರು. ತೊಂಬತ್ತೇಳನೇ ಇಸವಿ, ಅವಳ ಎಸ್ಸೆಸ್ಸೆಲ್ಸಿ ವರ್ಷ.

ಟ್ಯೂಷನ್ ಮುಗಿಸಿ ಬರೋ ದಾರೀಲಿ ಒಂದು ಪಾಳು ಮನೆ. ಕಾಂಪೌಂಡ್ ಒಳಗೆ ಬಾವಿ. ಹಗ್ಗ ಇಲ್ಲ, ಬಿಂದಿಗೆ ಇಲ್ಲ, ಬರೀ ತುಕ್ಕು ಹಿಡಿದ ರಾಟೆ. ಮೊದಲೆಲ್ಲ ಆ ದಾರೀಲಿ ನಾಲ್ಕು ಹುಡುಗೀರು ಕಿಸಿಕಿಸಿ ನಗ್ತಾ ಬರೋರು. ಆಮೇಲೆ ರಂಜನಿ ಒಬ್ಬಳೇ.

ಆದದ್ದಿಷ್ಟು. ದೀಪಾವಳಿ ಕಳೆದ ಮೇಲಿನ ಟೆಸ್ಟಲ್ಲಿ ಅವಳ ಜೀವದ ಗೆಳತಿ ನಿಶ್ಚಿತಾ ಚೀಟಿ ಇಟ್ಕೊಂಡು ಸಿಕ್ಕಿಬಿದ್ಳು. ಮಿಸ್ ಹತ್ರ ಚಾಡಿ ಹೇಳಿದ್ದು ರಂಜನೀನೇ ಅಂತ ಯಾರೋ ಹಬ್ಬಿಸಿದ್ರು. ಪಾಪ, ಅವಳಿಗೆ ಏನೂ ಗೊತ್ತಿಲ್ಲ! ಆದ್ರೂ ಮೂವರೂ ಕಿರುಬೆರಳು ತೋರಿಸಿ ಟೂ ಬಿಟ್ಬುಟ್ರು. ಬೆಂಚಲ್ಲಿ ಜಾಗ ಇಲ್ಲ, ಡಬ್ಬಿ ಊಟಕ್ಕೆ ಜೊತೆ ಇಲ್ಲ. ಮನೇಲಿ ಹೇಳ್ಕೊಳ್ಳೋಕೆ ಅವಮಾನ. ರಾತ್ರಿ ದಿಂಬಿಗೆ ಮುಖ ಒತ್ಕೊಂಡು ಅಳೋಳು.

ಫೆಬ್ರವರೀಲಿ ಆಟೋಗ್ರಾಫ್ ಶುರುವಾಯ್ತು. ಎಲ್ಲರ ಪುಸ್ತಕದಲ್ಲೂ ಎಲ್ಲರೂ ಬರೀತಿದ್ದಾರೆ... ಹೆಸರು, ವಿಳಾಸ, ಇಷ್ಟದ ಬಣ್ಣ, 'ನನ್ನ ಮರೀಬೇಡ'. ಇವಳದ್ದು ಖಾಲಿ.

"ಏನೇ, ಒಬ್ಬರೂ ಬರೆದಿಲ್ವಾ?" ಅಂದ್ರು ಚಿಕ್ಕಮ್ಮ.

"ನಾಳೆ ಬರೀತಾರಮ್ಮ" ಅಂದ್ಬುಟ್ಲು.

ಆ ರಾತ್ರಿ, ಅಕ್ಷರ ಗುರುತು ಸಿಗಬಾರದು ಅಂತ ಎಡಗೈಲಿ ತಾನೇ ಒಂದು ಪುಟ ಬರೆದ್ಲು. ಕ್ಲಾಸಿನ ಲಾಸ್ಯಳ ಹೆಸರು ಬರೆಯೋಕೆ ಹೋದ್ಲಂತೆ, ಕೈ ಚೂಡಾಮಣಿ ಅಂತ ಬರೀತು. ಆ ಹೆಸರಿನೋಳು ಇಡೀ ಸ್ಕೂಲಲ್ಲಿ ಇರಲಿಲ್ಲ. ವಿಳಾಸಕ್ಕೆ ಏನು ಹಾಕೋದು? ಆ ಪಾಳು ಮನೆ ನಂಬರ್ ಹಾಕಿದ್ಲು.

ಚಿಕ್ಕಮ್ಮಂಗೆ ಖುಷಿಯೋ ಖುಷಿ. "ಒಂದ್ಸಲ ಮನೆಗೆ ಕರೀ ಅವಳನ್ನ."

ಎರಡು ದಿನ ಬಿಟ್ಟು, ಸಂಜೆ ಏಳೂವರೆಗೆ ಕರೆಂಟ್ ಹೋಯ್ತು. ರಂಜನಿ ಸರಿಯಾಗಿ ಆ ಗೇಟ್ ಹತ್ರ ಇದ್ಲು. ಕಿರ್ರ್... ಅಂತು ರಾಟೆ. ಮತ್ತೆ ಕಿರ್ರ್... ಆಮೇಲೆ ಆಳದಲ್ಲಿ ಬಿಂದಿಗೆ ಮುಳುಗಿದ ಹಾಗೆ ಗುಳುಗುಳು...

"ರಂಜನೀ... ಒಬ್ಬಳೇನಾ?"

"ಹೂಂ..."

"ಅವರು ಬರಲ್ಲ ಕಣೇ... ನೀನು ಬಾ."

ಓಡಬೇಕಿತ್ತು ತಾನೇ? ಓಡಲಿಲ್ಲ. "ಅಕ್ಕಾ, ಮೂರು ತಿಂಗಳಾದ್ಮೇಲೆ ಒಬ್ಬರು ಹೆಸರು ಹಿಡಿದು ಕರೆದ್ರು. ಹೋಗ್ಬೇಕು ಅನ್ನಿಸ್ತು" ಅಂದ್ಲು ನನ್ನ ಹತ್ರ. ನನಗೆ ಕಣ್ಣಲ್ಲಿ ನೀರು ಬಂತು. ಗೇಟ್ ತಳ್ಳಿದ್ಲಂತೆ. ಬಾವಿ ಕಟ್ಟೆ ಮೇಲೆ ಕೈಯಿಟ್ಲಂತೆ. ಕಟ್ಟೆ ಒದ್ದೆ ಇತ್ತು...

ಟ್ರಿಣ್! ಸೈಕಲ್ ಬೆಲ್ಲು. ನಿಶ್ಚಿತಾ.

"ರಂಜೀ! ಅಲ್ಲೇನ್ ಮಾಡ್ತಿದೀಯೇ? ಬಾ ಈಚೆ!" ಓಡಿಬಂದು ತೋಳು ಹಿಡಿದು ಎಳೆದ್ಲು. "ನೀನಲ್ಲ ಅಂತ ಇವತ್ತು ಗೊತ್ತಾಯ್ತು ಕಣೇ... ತಪ್ಪಾಯ್ತು. ಸೈಕಲ್ ಹತ್ತು."

ಇಬ್ಬರೂ ಅಳ್ತಾ ಒಂದೇ ಸೈಕಲ್ಲಲ್ಲಿ ಮನೆಗೆ ಬಂದ್ರು.

ಚಿಕ್ಕಮ್ಮ ಮೇಣದಬತ್ತಿ ಹಿಡ್ಕೊಂಡು ಬಾಗಿಲು ತೆಗೆದ್ರು. "ಇಷ್ಟೊತ್ತಾ? ಚೂಡಾಮಣಿ ಬಂದು ಎಷ್ಟೊತ್ತಾಯ್ತು! ಕುಂಕುಮ ಕೊಟ್ರೆ ಬೇಡ ಅಂದ್ಲು. ನಿನ್ನ ಆಟೋಗ್ರಾಫ್ ಕೇಳಿದ್ಲು, ಏನೋ ತಪ್ಪು ಬರೆದಿದ್ಲಂತೆ, ತಿದ್ದಿದ್ಲು. ಕೈಕಾಲು ತೊಳ್ಕೋತೀನಿ ಅಂತ ಈಗ ತಾನೇ ಹಿತ್ತಲಿಗೆ ಹೋದ್ಲು."

ಹಿತ್ತಲಲ್ಲಿ ಯಾರೂ ಇರಲಿಲ್ಲ. ಆಚೆ ಹೋಗೋಕೆ ಅಲ್ಲಿ ದಾರೀನೂ ಇಲ್ಲ, ನೀವೇ ನೋಡಿದ್ದೀರಲ್ಲ.

ಸುಳ್ಳು ಹೇಳೋಕೆ ನನಗೇನು ಬಂದಿದೆ? ಆ ಪುಸ್ತಕ ನನ್ನ ಬೀರುವಿನಲ್ಲಿದೆ, ಬೆಳಿಗ್ಗೆ ತೋರಿಸ್ತೀನಿ. ಅದೇ ಎಡಗೈ ಅಕ್ಷರ. ಪಾಳು ಮನೆ ನಂಬರ್ ಮೇಲೆ ಒಂದು ಗೀಟು. ಕೆಳಗೆ ಈ ಮನೆ ನಂಬರ್ ಬರೆದಿದೆ.