ಗುರುವಾರ ಸಂಘಕ್ಕೆ ಬರುವವರು

ಹೆಸರು ಮೀನಾಕ್ಷಿ ಕೋಂ ಕುಬೇರಪ್ಪ, ವಯಸ್ಸು 47, ಹೊಲಿಗೆ ಕೆಲಸ, ವಾಸ: ಬಾಡಿಗೆ ಮನೆ, 6ನೇ ಅಡ್ಡರಸ್ತೆ, ಪಿ.ಜೆ. ಬಡಾವಣೆ, ದಾವಣಗೆರೆ.

ದಿನಾಂಕ 04-12-2025ರ ಗುರುವಾರ ಬೆಳಿಗ್ಗೆ 11-20ಕ್ಕೆ ಹರಿಹರದ ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಮಗಳು ಲತಾಳೊಂದಿಗೆ ವಾಸವಾಗಿರುತ್ತೇನೆ. ಲತಾಳಿಗೆ 22 ವರ್ಷ. ಅದೇ ಬಡಾವಣೆಯ ಒಂದು ಕ್ಲಿನಿಕ್‌ನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಾಳೆ. ನನ್ನ ಗಂಡ ಕುಬೇರಪ್ಪನವರ ಊರು ಕೊಕ್ಕನೂರು. ಅವರು ಮಲೆಬೆನ್ನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಆಗ ನಾವು ಹರಿಹರದಲ್ಲಿ ಮನೆ ಮಾಡಿದ್ದೆವು.

2019ರ ಆಯುಧಪೂಜೆಗೆ ಗಿರಣಿಯ ಮಾಲೀಕರು ಪದ್ಧತಿಯಂತೆ ಐದು ಜನ ಕೆಲಸಗಾರರಿಗೆ ಬಟ್ಟೆ ಕೊಟ್ಟರು. ಒಂದೇ ಥಾನಿನ ಬಟ್ಟೆ, ನೀಲಿ ಮೇಲೆ ಬಿಳಿ ಗೆರೆ. ಐದು ಅಂಗಿಗಳನ್ನೂ ನಾನೇ ಹೊಲಿದೆನು. ಅದೇ ತಿಂಗಳು 17ರ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಗಂಡ ಆ ಅಂಗಿ ಹಾಕಿಕೊಂಡು, ನಮ್ಮ ಖಾತೆ ಇದ್ದ ಹರಿಹರದ ಪತ್ತಿನ ಸಂಘಕ್ಕೆ ಹೋಗಿ ಬರುತ್ತೇನೆಂದು ಹೇಳಿ ಹೋದವರು ವಾಪಸ್ಸು ಬರಲಿಲ್ಲ. ನಾಲ್ಕು ದಿನ ಬಿಟ್ಟು 21ರಂದು ಹೊಳೆಯಲ್ಲಿ ಒಂದು ಶವ ಸಿಕ್ಕಿತು. ಮುಖ ಗುರುತು ಸಿಗುವಂತಿರಲಿಲ್ಲ. ಪೊಲೀಸರು ಅಂಗಿ ತೋರಿಸಿ, ಇದು ನಿಮ್ಮ ಯಜಮಾನರದ್ದೇನು ಎಂದು ಕೇಳಿದರು. ಗುಂಡಿಯ ಕಾಜ, ಕಾಲರಿನ ಮಡಿಕೆ ಎಲ್ಲವೂ ನನ್ನ ಕೈಯದ್ದು. ಹೌದು ಎಂದೆನು. ನಾನು ಗುರುತಿಸಿದ್ದು ನನ್ನ ಹೊಲಿಗೆಯನ್ನು, ನನ್ನ ಗಂಡನನ್ನಲ್ಲ. ಇದೇ ಬಟ್ಟೆಯಲ್ಲಿ ಇನ್ನೂ ನಾಲ್ಕು ಅಂಗಿ ಹೊಲಿದಿದ್ದೇನೆಂದು ನಾನು ಅಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ಕು ದಿನ ಹೊಳೆದಂಡೆ ಅಲೆದು ನನಗೆ ಸಾಕಾಗಿತ್ತು. ಹೇಗಾದರೂ ಮುಗಿದರೆ ಸಾಕೆನಿಸಿತ್ತು. ಶವ ಅವರದ್ದೇ ಎಂಬ ಕಾಗದಕ್ಕೆ ನಾನು ಮತ್ತು ನನ್ನ ಮೈದುನ ಏಕಾಂತಪ್ಪ ಸಹಿ ಹಾಕಿದೆವು. ಕೊಕ್ಕನೂರಿನಲ್ಲಿ ಮಣ್ಣು ಮಾಡಲಾಯಿತು. ಮರಣ ಪತ್ರವೂ ಬಂದಿತು.

ಕಳೆದ ತಿಂಗಳು ಏಕಾಂತಪ್ಪ ಕೊಕ್ಕನೂರಿನ ಜಮೀನು ಮಾರಿ, ನನ್ನ ಗಂಡನ ಪಾಲಿನದೆಂದು ನನಗೆ ನಾಲ್ಕು ಲಕ್ಷ ಎಂಬತ್ತು ಸಾವಿರದ ಚೆಕ್ಕು ಕೊಟ್ಟನು. ಎಲ್ಲಿ ಇಡಬೇಕೆಂಬ ಬಗ್ಗೆ ಮನೆಯಲ್ಲಿ ಎರಡು ಮಾತಾಯಿತು. ಏಕಾಂತಪ್ಪನು, ನಮ್ಮ ಹೊಳೆಸಾಲು ಪತ್ತಿನ ಸಹಕಾರ ಸಂಘದಲ್ಲೇ ಇಡ್ರಿ ಅತ್ತಿಗಿ, ಬಡ್ಡಿನೂ ಜಾಸ್ತಿ, ಮುಖ ನೋಡಿ ಕೆಲಸ ಮಾಡಿಕೊಡ್ತಾರ ಎಂದನು. ಲತಾಳು, ಸಂಘ ಮುಳುಗಿದ್ರೆ ಕೇಳೋರಿಲ್ಲ, ಬ್ಯಾಂಕಿನಾಗೆ ಐದು ಲಕ್ಷದ ತನಕ ವಿಮೆ ಐತೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲವ್ವ ಎಂದಳು. ಮಗಳ ಮಾತು ನನಗೆ ಸರಿಕಂಡಿತು. ನಾನು ಅಳತೆ ಪಟ್ಟಿ ಇಲ್ಲದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ.

ದಿನಾಂಕ 17-11-2025ರಂದು ಮನೆಯಿಂದ 400 ಮೀಟರ್ ದೂರದ ಬ್ಯಾಂಕಿಗೆ ಹೋದೆನು. ಅಲ್ಲಿನ ಅಧಿಕಾರಿ ಗುಲ್ನಾಜ್ ಮೇಡಂ ಆಧಾರ್, ಪ್ಯಾನ್, ಮರಣ ಪತ್ರ ನೋಡಿದರು. ನನ್ನ ಮುಖವನ್ನು ಒಂದೇ ಸಲ, ಫೋಟೋದ ಜೊತೆ ತಾಳೆ ನೋಡಲು ನೋಡಿದರು. ಎಲ್ಲಾ ಸರಿ ಐತಮ್ಮ, ಖಾತೆ ತೆಗೆದುಕೊಡ್ತೀನಿ ಎಂದರು. ಸಂಘದ ಹಳೆಯ ಖಾತೆಯನ್ನೂ ಮುಚ್ಚಿ ಎಲ್ಲ ಒಂದೇ ಕಡೆ ತಂದುಬಿಡೋಣವೆಂದು ಲತಾ ಹೇಳಿದಳು. ಆ ಖಾತೆ ನನ್ನ ಮತ್ತು ನನ್ನ ಗಂಡನ ಹೆಸರಿನಲ್ಲಿ ಜಂಟಿಯಾಗಿತ್ತು. ಅವರು ಹೋದ ಮೇಲೆ ನಾನು ಸಂಘದ ಮೆಟ್ಟಿಲು ಹತ್ತಿರಲಿಲ್ಲ. ಅವರು ತೀರಿಕೊಂಡಿದ್ದನ್ನು ಅಲ್ಲಿಗೆ ತಿಳಿಸಿಯೂ ಇರಲಿಲ್ಲ.

ಮರುದಿನ 18ರಂದು ಬಸ್ಸಿನಲ್ಲಿ ಹರಿಹರಕ್ಕೆ ಬಂದು ಮಧ್ಯಾಹ್ನ 12-10ಕ್ಕೆ ಸಂಘಕ್ಕೆ ಹೋದೆನು. ಮ್ಯಾನೇಜರ್ ಬಸವಪ್ರಭು ಎಂಬುವರು. ಅವರು ಅಲ್ಲಿಗೆ ಬಂದು ನಾಲ್ಕು ವರ್ಷ ಆಗಿರುತ್ತದೆ. ಖಾತೆ ಮುಚ್ಚಬೇಕೆಂದು ಹೇಳಿದೆನು. ಅವರು ಪುಸ್ತಕ ತೆಗೆದು ನೋಡಿ, ಜಂಟಿ ಖಾತೆ ಐತೆ, ಯಜಮಾನ್ರು ಹೆಂಗೂ ಗುರುವಾರ ಬರ್ತಾರಲ್ಲ, ಆವತ್ತೇ ಇಬ್ಬರೂ ಬಂದು ಸಹಿ ಹಾಕಿಬಿಡ್ರಿ ಎಂದರು. ಯಾವ ಯಜಮಾನರು ಎಂದು ಕೇಳಿದೆನು. ಕುಬೇರಪ್ಪನವರು ಎಂದರು.

ನನಗೆ ಮೊದಲು ಸಿಟ್ಟು ಬಂದಿತು, ಹೆದರಿಕೆ ಆಮೇಲೆ ಬಂದಿತು. ಚೀಲದಿಂದ ಮರಣ ಪತ್ರ ತೆಗೆದು ಮೇಜಿನ ಮೇಲಿಟ್ಟೆನು. ಬಸವಪ್ರಭು ಅದನ್ನು ಎರಡು ಸಲ ಓದಿ, ಅಟೆಂಡರ್ ಕಸ್ತೂರಮ್ಮನನ್ನು ಕರೆದರು. ಕಸ್ತೂರಮ್ಮ ಸಂಘ ಶುರುವಾದಾಗಿನಿಂದ ಇದ್ದಾರೆ, ನನ್ನ ಗಂಡನನ್ನು ಮೊದಲಿನಿಂದ ಬಲ್ಲರು. ಅವರು ಹೇಳಿದ್ದೇನೆಂದರೆ, ನಾನೂ ಕೇಳಿದ್ದೆ ಮೀನಾಕ್ಷವ್ವ, ಹೊಳ್ಯಾಗೆ ಹೋದ್ರಂತ ಅಂತ. ಮುಂದಿನ ಗುರುವಾರನೇ ಬಂದ್ರಲ್ಲ, ಹಂಗಾಗಿ ಯಾರೋ ಸುಳ್ಳು ಹಬ್ಬಿಸ್ಯಾರ ಅಂದ್ಕೊಂಡೆ. ಮೂರು ನಲವತ್ತಕ್ಕ ಬರ್ತಾರ, ನೀರು ಕುಡೀತಾರ, ಮೀನಾಕ್ಷಿ ಬಂದಿದ್ಲಾ ಅಂತ ಕೇಳ್ತಾರ, ಪುಸ್ತಕದಾಗೆ ಸಹಿ ಹಾಕಿ ಹೋಗ್ತಾರ. ಹಣ ಯಾವತ್ತೂ ಕೇಳಿಲ್ಲ ಎಂದರು. ಸದಸ್ಯರ ಭೇಟಿ ಪುಸ್ತಕ ತೋರಿಸಿದರು. ಪ್ರತಿ ಗುರುವಾರದ ಎದುರಿಗೆ ನನ್ನ ಗಂಡನ ಸಹಿ ಇತ್ತು. ಖಾತೆಯಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ.

ಯಾರೋ ನನ್ನ ಗಂಡನ ವೇಷ ಹಾಕಿದ್ದಾರೆಂದು ನಾನು ತೀರ್ಮಾನಿಸಿ, 20ರ ಗುರುವಾರ 2-50ಕ್ಕೆ ಹೋಗಿ ಸಂಘದ ಮರದ ಬೆಂಚಿನ ಮೇಲೆ ಕುಳಿತೆನು. ಬಾಗಿಲಿನಿಂದ ಬೆಂಚಿಗೆ ಒಂಬತ್ತು ಅಡಿ. ಕಾಯುತ್ತಾ ಟೇಪಿನಲ್ಲಿ ಅಳೆದಿರುತ್ತೇನೆ. ಒಳಗೆ ಬರುವವರು ನನ್ನ ಕಣ್ಣು ತಪ್ಪಿಸಿ ಬರಲು ಸಾಧ್ಯವಿಲ್ಲ. ಬಿಸಿಲು ಚೆನ್ನಾಗಿತ್ತು. ಹೊರಗೆ ಆಟೋಗಳು ಓಡಾಡುತ್ತಿದ್ದವು.

3-40ಕ್ಕೆ ಬಸವಪ್ರಭು ತಲೆ ಎತ್ತಿ ಬಾಗಿಲ ಕಡೆ ನೋಡಿ, ಬರ್ರಿ ಕುಬೇರಪ್ಪನವ್ರೆ, ಕೂಡ್ರಿ, ಇವತ್ತು ಮನೆಯವ್ರೂ ಬಂದಾರ ಎಂದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಕುಳಿತ ಬೆಂಚಿನ ಹಲಗೆ ಆ ತುದಿಯಲ್ಲಿ ತಗ್ಗಿತು, ನನ್ನ ಕಡೆ ಸ್ವಲ್ಪ ಎದ್ದಿತು. ಕಸ್ತೂರಮ್ಮ ಎರಡು ಲೋಟ ನೀರು ತಂದು ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ನನ್ನ ಪಕ್ಕದ ಖಾಲಿ ಜಾಗದಲ್ಲಿ ಇಟ್ಟರು. ಭೇಟಿ ಪುಸ್ತಕವನ್ನೂ ಅಲ್ಲೇ ಬಿಡಿಸಿಟ್ಟರು. ಬಸವಪ್ರಭು ನಮ್ಮ ಕಡೆ ನೋಡಿ ನಕ್ಕು, ಅವ್ರು ನಿಮ್ಮ ಕಡೆ ನೋಡವಲ್ರು, ನೀವು ಅವ್ರ ಕಡೆ ನೋಡವಲ್ರಿ, ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ, ಆರು ವರ್ಷ ಎಳೀಬಾರ್ದು ಎಂದು ಬುದ್ಧಿ ಹೇಳಿದರು. ಸುಮಾರು ಎಂಟು ನಿಮಿಷದ ನಂತರ ಹಲಗೆ ಮೊದಲಿನಂತಾಯಿತು. ಲೋಟ ನೋಡಿದರೆ ಖಾಲಿಯಾಗಿತ್ತು. ಪುಸ್ತಕದಲ್ಲಿ ಹೊಸ ಸಹಿ ಇತ್ತು. ಮುಟ್ಟಿದಾಗ ಶಾಯಿ ನನ್ನ ಬೆರಳಿಗೆ ಹತ್ತಿತು.

ಮನೆಗೆ ಬಂದು ಹೇಳಿದ್ದಕ್ಕೆ ಲತಾಳು, ಅವ್ವ, ನಿನಗೆ ಬಿಪಿ ಐತೆ, ಬಿಸಿಲಾಗೆ ಅಡ್ಡಾಡಬ್ಯಾಡ ಎಂದು ಬೈದಳು. ಮುಂದಿನ ಗುರುವಾರ 27ರಂದು ನನ್ನ ಭ್ರಮೆ ಬಿಡಿಸಲೆಂದು ತಾನೇ ರಜೆ ಹಾಕಿ ಜೊತೆಗೆ ಬಂದಳು. ಏಕಾಂತಪ್ಪನೂ ಬಂದನು. ಮೂವರೂ ಬೆಂಚಿನ ಮೇಲೆ ಕುಳಿತೆವು. 3-40ಕ್ಕೆ ಬಸವಪ್ರಭು ಬರ್ರಿ ಎಂದರು. ನನಗೆ ಯಾರೂ ಕಾಣಲಿಲ್ಲ. ಏಕಾಂತಪ್ಪನಿಗೂ ಯಾರೂ ಕಾಣಲಿಲ್ಲ, ಅವನು ಬಾಗಿಲು ನೋಡುತ್ತಾ ಎಲ್ಲಿ, ಎಲ್ಲಿ ಎಂದು ಕೇಳುತ್ತಿದ್ದನು. ಲತಾಳು ಎದ್ದು ನಿಂತಳು. ಅವಳ ಕೈಯಲ್ಲಿದ್ದ ಫೋನು ಕೆಳಗೆ ಬಿದ್ದಿತು. ಅಪ್ಪ ಎಷ್ಟು ಸೊರಗ್ಯಾರವ್ವ ಎಂದು ಹೇಳಿ ಅಳತೊಡಗಿದಳು.

ಲತಾಳು ಬಾಗಿಲಿನ ಹತ್ತಿರ ನಿಂತು ಐದಾರು ನಿಮಿಷ ಮಾತನಾಡಿದಳು. ನನಗೆ ಅವಳ ಮಾತು ಮಾತ್ರ ಕೇಳಿಸಿತು. ಆಮೇಲೆ ಅವಳು ನನಗೆ ತಿಳಿಸಿದ್ದೇನೆಂದರೆ, ಅಪ್ಪ ಅದೇ ನೀಲಿ ಅಂಗಿ ಹಾಕಿದ್ದರು, ಎಲ್ಲಿರುತ್ತೀರಿ ಎಂದು ಕೇಳಿದ್ದಕ್ಕೆ ತಿಳಿಯದವರಂತೆ ನೋಡಿದರು, ನಿಮ್ಮವ್ವ ಯಾಕ ಬರಂಗಿಲ್ಲ, ಎಷ್ಟು ಗುರುವಾರ ಆತು, ನನ್ನ ಮ್ಯಾಲೆ ಸಿಟ್ಟೇನು ಎಂದು ಕೇಳಿದರು. ಅವ್ವ ಇಲ್ಲೇ ಕೂತಾಳಲ್ಲಪ್ಪ ಎಂದು ಲತಾ ನನ್ನನ್ನು ತೋರಿಸಿದಳಂತೆ. ಅವರು ನಾನು ಕುಳಿತಿದ್ದ ಬೆಂಚನ್ನು ಬಹಳ ಹೊತ್ತು ನೋಡಿ, ಅಲ್ಲಿ ಯಾರೂ ಇಲ್ಲಲ್ಲವ್ವ ಎಂದರಂತೆ.

ಹೆತ್ತ ಮಗಳ ಮೇಲೆ ನನಗೆ ಆ ದಿನ ಹೊಟ್ಟೆಕಿಚ್ಚು ಬಂದದ್ದು ನಿಜ. ರಾತ್ರಿ ಊಟ ಸೇರಲಿಲ್ಲ. ಯೋಚಿಸಿದಾಗ ನನಗೆ ತಿಳಿದುಬಂದದ್ದು ಇಷ್ಟು. ಅವರು ಸತ್ತರೆಂದು ಸಹಿ ಹಾಕಿದವರು ಇಬ್ಬರೇ, ನಾನು ಮತ್ತು ಏಕಾಂತಪ್ಪ. ನಮಗಿಬ್ಬರಿಗೇ ಅವರು ಕಾಣುವುದಿಲ್ಲ. ಸಹಿ ಹಾಕದವರಿಗೆಲ್ಲಾ ಕಾಣುತ್ತಾರೆ.

ದಿನಾಂಕ 01-12-2025ರಂದು ಮಲೆಬೆನ್ನೂರಿನ ಗಿರಣಿಗೆ ಹೋಗಿ, ಅಂದು ಅಂಗಿ ಪಡೆದ ಉಳಿದ ನಾಲ್ವರ ಬಗ್ಗೆ ವಿಚಾರಿಸಿದೆನು. ಮೂವರು ಈಗಲೂ ಅಲ್ಲೇ ಕೆಲಸಕ್ಕಿದ್ದಾರೆ, ಮೂವರನ್ನೂ ಕಣ್ಣಾರೆ ನೋಡಿದೆನು. ನಾಲ್ಕನೆಯವನು ಅಂಜನ್ ಎಂಬ ಬೇರೆ ಊರಿನ ಹುಡುಗ, ಆಗ 25ರ ವಯಸ್ಸಿನವನು. ಕುಬೇರಪ್ಪ ಕಾಣೆಯಾದ ವಾರವೇ ಹೇಳದೆ ಕೇಳದೆ ಕೆಲಸ ಬಿಟ್ಟನು, ಹುಬ್ಬಳ್ಳಿಗೆ ಹೋಗಿರಬೇಕೆಂದು ಸುಮ್ಮನಾದೆವು, ಬರಬೇಕಿದ್ದ ಕೂಲಿಯನ್ನೂ ತೆಗೆದುಕೊಂಡು ಹೋಗಲಿಲ್ಲ ಎಂದು ಅಲ್ಲಿನವರು ತಿಳಿಸಿದರು. ನಾನು ಗಂಡನೆಂದು ಮಣ್ಣು ಮಾಡಿಸಿದ್ದು ಯಾರ ಮಗನನ್ನೋ ತಿಳಿಯದು.

ಆದ್ದರಿಂದ 2019ರಲ್ಲಿ ಶವ ಗುರುತಿಸಿ ನಾನು ಕೊಟ್ಟ ಹೇಳಿಕೆಯನ್ನು ಈ ದಿನ ಹಿಂಪಡೆಯುತ್ತೇನೆ. ಹಾಗೆ ಮಾಡಿದರೆ ಮರಣ ಪತ್ರ ನಿಲ್ಲುವುದಿಲ್ಲ, ಜಮೀನು ಮಾರಿದ್ದಕ್ಕೆ ತಕರಾರು ಬರುತ್ತದೆ, ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆಯೇ ಕೇಸಾಗಬಹುದು, ಇನ್ನೊಮ್ಮೆ ಯೋಚನೆ ಮಾಡಮ್ಮ ಎಂದು ಸಾಹೇಬರು ತಿಳಿಹೇಳಿದರು. ಯೋಚನೆ ಮಾಡಿಯೇ ಬಂದಿರುತ್ತೇನೆ. ಚೆಕ್ಕನ್ನು ಏಕಾಂತಪ್ಪನಿಗೆ ವಾಪಸ್ಸು ಕೊಟ್ಟಿದ್ದೇನೆ. ಬ್ಯಾಂಕಿನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಗುಲ್ನಾಜ್ ಮೇಡಂ ತಪ್ಪೇನೂ ಇಲ್ಲ, ಆದರೆ ಅವರ ಬ್ಯಾಂಕಿನಲ್ಲಿ ನನ್ನ ಗಂಡ ಸತ್ತಿದ್ದಾರೆ. ಸಂಘದ ಖಾತೆಯನ್ನು ನಾನು ಮುಚ್ಚುವುದಿಲ್ಲ. ಅಂಜನ್ ಎಂಬುವನ ಮನೆಯವರನ್ನು ಪತ್ತೆಮಾಡಿ ತಿಳಿಸಬೇಕಾಗಿ ಕೋರುತ್ತೇನೆ.

ನಾನು ಹೇಳಿದಂತೆಯೇ ಬರೆದು, ನನಗೆ ಓದಿ ಹೇಳಲಾಗಿದೆ. ಇದರಲ್ಲಿ ಸುಳ್ಳಿಲ್ಲ, ಯಾರ ಒತ್ತಾಯವೂ ಇಲ್ಲ. ಈಗ ಸಮಯ 2-35 ಆಗಿರುತ್ತದೆ. ಠಾಣೆಯಿಂದ ಸಂಘಕ್ಕೆ ನಡೆದು ಹೋಗಲು ಇಪ್ಪತ್ತು ನಿಮಿಷ ಬೇಕು. ಈ ಹೇಳಿಕೆಗೆ ಮೊಹರು ಹಾಕಿ 3 ಗಂಟೆಯೊಳಗೆ ನನ್ನನ್ನು ಬಿಡಬೇಕಾಗಿ ವಿನಂತಿ. ಅವರು ಬರುವ ಹೊತ್ತಿಗೆ ನಾನು ಬೆಂಚಿನ ಮೇಲೆ ಇರಬೇಕು.

ಸ್ಥಳ: ಹರಿಹರ
ದಿನಾಂಕ: 04-12-2025

(ಸಹಿ) ಮೀನಾಕ್ಷಿ ಕೋಂ ಕುಬೇರಪ್ಪ