ಮುಂದಿನ ದ್ವೀಪ

…ನಗಬೇಡ ಲಿಂತಾಂಗ್, ನಿಜ ಹೇಳ್ತಿದೀನಿ! ಜಕಾರ್ತಾದಲ್ಲಿ ಪಾಕ್ ವಿನಾರ್ನೋ ಎದ್ದು ನಿಂತು ಚಪ್ಪಾಳೆ ಹೊಡೆದ್ರಂತೆ. ಇಡೀ ಚಾನೆಲ್ಲೇ ‘ಪಾಕ್, ಪಾಕ್’ ಅಂತ ಗೌರವದಿಂದ ಕರೆಯೋ ಅಷ್ಟು ದೊಡ್ಡ ಸಾಹೇಬ್ರು ಕಣೇ! ದ್ವೀಪದಿಂದ ದ್ವೀಪಕ್ಕೆ ಕಾಗದ ಹಂಚ್ತಾ ದಾರಿ ಮರೆಯೋ ಆ ಅಂಚೆದೋಣಿ ಕತೆಗೆ! ಅವರ ಮೊಮ್ಮಗಳು ನಮ್ಮ ಕಾರ್ಟೂನ್ ಬಿಟ್ಟು ಊಟಕ್ಕೂ ಏಳಲ್ವಂತೆ. ಇನ್ನೂ ಹತ್ತು ಕಂತು ಬೇಕಂತೆ.

ಏನಂದೆ? ಯಾರ ಕತೆ ಅಂತ ಹೇಳಿದೆ ಅಂತಾನಾ? ಅದು... ತಂಡದ್ದು ಕಣೇ. ನಮ್ಮ ಐದೂ ಜನರದ್ದು. ನಾನು ಬಾಂಡುಂಗ್‌ನಲ್ಲಿ, ನೀನು ಮಕಸ್ಸಾರ್‌ನಲ್ಲಿ, ಉಳಿದವರು ಒಬ್ಬೊಬ್ಬರು ಒಂದೊಂದು ದಿಕ್ಕು. ಎರಡು ವರ್ಷ ಆಯ್ತು, ಪರದೆ ಬಿಟ್ಟು ಹೊರಗೆ ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆದ್ರೂ ಒಂದೇ ಮನೆ ಥರ, ಅಲ್ವಾ?

...ಯಾಕೆ ಮುಖ ತಿರುಗಿಸಿದೆ?

ನೋಡು, ನಾಲ್ಕು ಗಂಟೆಗೆ ಪಾಕ್ ಇದೇ ಲಿಂಕ್‌ಗೆ ಬರ್ತಾರೆ. "ದೋಣಿ ಮುಂದೆ ಯಾವ ದ್ವೀಪಕ್ಕೆ ಹೋಗುತ್ತೆ, ಪುಸ್ಪಿತಾ?" ಅಂತ ಕೇಳ್ತಾರೆ. ಮೂರು ದಿನದಿಂದ ಕೂತಿದೀನಿ, ಒಂದು ಗೆರೆ ಮೂಡ್ತಿಲ್ಲ! ಎಲ್ಲಿಗೆ ಕಳಿಸಿದ್ರೂ ಅದು ಬರೀ ಮರದ ದೋಣಿ. ನಮ್ಮ ತಂಡದ ಸೆಕಾರ್‌ನ ಕೇಳಿದೆ. "ನೀವು ಹೇಳಿದ ಹಾಗೆ ಅಕ್ಕ" ಅಂದ್ಲು. ಉಳಿದಿಬ್ಬರೂ ಅದೇ, "ನೀವು ಹೇಳಿದ ಹಾಗೆ." ಮೊದಲು ಹೆಂಗೆ ಕಿತ್ತಾಡ್ತಿದ್ರು, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು! ಈಗ... ನಾನೇನು ಹುಲಿನಾ?

ನೀನು ಹೇಳೇ. ಒಂದೇ ಒಂದು ದ್ವೀಪ.

ಕೇಳಿಸ್ತಿಲ್ವಾ? ಇಲ್ಲ, ನಿಮ್ಮ ಬೀದೀಲಿ ಬಕ್ಸೋ ಸೂಪು ಮಾರೋನು ಬಟ್ಟಲು ಬಡಿಯೋದು ನನಗೆ ಕೇಳಿಸ್ತಿದೆ. ಬೇಕಂತಲೇ ಬಾಯಿ ಬಿಡ್ತಿಲ್ಲ ನೀನು.

ಆವತ್ತಿನ ಕೋಪನಾ? ಪಾಕ್ ಮುಂದೆ ನೀನು ಈ ದೋಣಿ ಕತೆ ಹೇಳ್ತಿದ್ದಾಗ ನಡುವೆ ಧ್ವನಿ ಕಡಿದುಹೋಯ್ತು, ನಾನು ಮುಂದುವರಿಸಿದೆ. ಮತ್ತೇನು ಮಾಡಬೇಕಿತ್ತು? ಮಕಸ್ಸಾರ್ ನೆಟ್ಟೇ ಹಾಗೆ... ಹಂಗೆ ನೋಡಬೇಡ್ವೇ! ಕ್ಯಾಮೆರಾನಾದ್ರೂ ಆಫ್ ಮಾಡು!

...ಸರಿ. ಸರಿ ಕಣೇ. ನಿನ್ನ ನೆಟ್ ಹೋಗ್ಲಿಲ್ಲ. ನಿನ್ನ ಮೈಕ್ ಮುಚ್ಚಿದ್ದು ನಾನು. ಪಾಕ್ ಕಣ್ಣರಳಿಸಿ ನಿನ್ನನ್ನೇ ನೋಡ್ತಿದ್ರು... ಅವರ ಕೈಕೆಳಗೆ ದುಡಿದ ಹನ್ನೊಂದು ವರ್ಷದಲ್ಲಿ ನನ್ನನ್ನ ಒಂದು ಸಲಾನೂ ಹಾಗೆ ನೋಡಿಲ್ಲ. ಬೆರಳು ತಾನಾಗೇ ಹೋಯ್ತು.

ಉಳಿದವರಿಗೆ ಗೊತ್ತಾ?... ಎಲ್ಲರಿಗೂ?

ಅಯ್ಯೋ, ಪಾಕ್ ಒಳಗೆ ಬಂದ್ರು. ಬನ್ನಿ ಪಾಕ್... ಹ್ಞಾಂ, ಮುಂದಿನ ದ್ವೀಪ... ಅದನ್ನ ಲಿಂತಾಂಗ್ ಹೇಳ್ತಾಳೆ. ಹೇಳಮ್ಮ. ಲಿಂತಾಂಗ್? ಏ, ಇರು, ಇರು...

ಇಲ್ಲ ಪಾಕ್. ಲೈನ್ ಕಡೀಲಿಲ್ಲ. ಅವಳೇ ಹೋದ್ಲು.

ಯಾಕೆ ಅಂದ್ರೆ... ಕತೆ ಅವಳದ್ದು.