ಜವಳಿ ದಿನ ಬಡಿಯದ ಗಂಟಿ

ಏಳಬ್ಯಾಡ, ಏಳಬ್ಯಾಡ ದಾನವ್ವಾ... ಮಲ್ಕೋ ಅಂದ್ರ! ನನಗೇನ ಮರ್ಯಾದಿ ಕೊಡೂದು, ಈ ಸ್ಟೂಲ್ ಸಾಕು. ಹೊಗಿ ಕುಡದು ಗಂಟಲ ಸುಟ್ಟೈತಿ, ಹದಿನೈದ ದಿನ ಒಂದ ಮಾತೂ ಆಡಬಾರದು ಅಂತ ಡಾಕ್ಟರು ಹೇಳ್ಯಾರಂತಲ್ಲ. ಆಡಬ್ಯಾಡ. ಮಾತಿನ ಕೆಲಸ ನನಗ ಬಿಡು. ಇಪ್ಪತ್ತೆರಡ ವರ್ಷ ಸೀರಿ ಅಂಗಡ್ಯಾಗ ಮ್ಯಾನೇಜರಕಿ ಮಾಡೇನಿ, ನನಗೇನ ಮಾತಿಗೆ ಬರ ಐತಿ? 'ಗಿರಮಲ್ಲಪ್ಪಂದು ಬಾಯಿ ಬೊಂಬಾಯಿ' ಅಂತ ಅಕ್ಕ-ತಂಗಿ ಇಬ್ಬರೂ ಕೂಡಿ ನಗ್ತಿದ್ರಲ್ಲ, ನೀನು ಮತ್ತ ಹಾಲ... ಇರಲಿ. ಏನರ ಹೇಳೂದಿದ್ರ ಮಗ್ಗಲಾಗ ಪಾಟಿ ಐತಿ, ಬಳಪ ಐತಿ, ಬರಿ.

ನನ್ನ ಹೇಣ್ತಿ ಗಂಜಿ ಕೊಟ್ಟಾಳ. ಬನಹಟ್ಟಿಯಿಂದ ಜಮಖಂಡಿ ತನಕಾ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ಬಂದೇನಿ, ಇನ್ನೂ ಬೆಚ್ಚಗೈತಿ. ಒಂದ ಚಮಚಾ? ಬ್ಯಾಡಾ? ಮಾದೇವಿ ಕೈಯಾಗಿನ ಗಂಜಿ, ನನ್ನ ಕೈಯಾಗಿಂದಲ್ಲ... ಆತು, ಆತು. ಮಾರಿ ತಿರುವಬ್ಯಾಡ. ಇಲ್ಲೇ ಇಟ್ಟಿರ್ತೇನಿ.

ಒಂದ ಕೆಲಸ ಐತಿ, ದಾನವ್ವಾ. ನಾಳೆ ವಿಚಾರಣಿ ಸಾಹೇಬ್ರು ಬರ್ತಾರ. ಅದಕ್ಕ ಮದ್ಲ ಈ ಕಾಗದದ ಮ್ಯಾಲ ನಿಂದೊಂದು ಸಹಿ ಬೇಕು. ಅಂಗಡಿ ಸಾವಕಾರ್ರು ವಕೀಲರ ಕಡಿಂದ ಬರಸ್ಯಾರ. ಓದ್ತೇನಿ ಕೇಳು: 'ನಾನು ದಾನಮ್ಮ, ಸೀರೆ ಅಂಗಡಿಯ ಎರಡನೇ ಮಾಳಿಗೆಯಲ್ಲಿ ಫಾಲು-ಪಿಕೋ ಹೊಲಿಯುವವಳು. ಬೆಂಕಿ ಬಿದ್ದ ದಿವಸ ಅಪಾಯದ ಗಂಟೆ ಬಡಿದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕೂಡಲೇ ಇಳಿದು ಹೋಗಬಹುದಿತ್ತು. ನನ್ನ ತಂಗಿ ಹಾಲವ್ವ ತನ್ನ ಸ್ವಂತ ಸಾಮಾನು ತರಲು ತಿರುಗಿ ಒಳಗೆ ಹೋದ ಕಾರಣ...'

ಯಾಕ? ಯಾಕ ಹಂಗ ನೋಡ್ತಿ ನನ್ನ?

ನಾ ಬರದಿಲ್ಲವಾ! ನಾ ಬರೇ ತಂದಾಂವ. ಸತ್ತಾಕಿ ಹೆಸರಿನ ಮ್ಯಾಲ ಎರಡ ಸಾಲ ಹಾಕಿದ್ರ ಆಕಿಗೇನ ನೋಯತೈತಿ? ಬದುಕಿದವರು ಬದುಕಬೇಕಲ್ಲ. ಅಂಗಡಿ ಮತ್ತ ತೆರೀತೈತಿ, ನಿನ್ನ ಮಷೀನ ಮತ್ತ ಅದ ಜಾಗಾದಾಗ ಕುಂಡ್ರತೈತಿ. ಹೂಂ ಅನ್ನು. ತಲಿ ಅರ ಅಲ್ಲಾಡಸು!

ಏ, ಕಾಗದದ ಮ್ಯಾಲ ಬೆರಳಿಟ್ಟು ಆ ಗಂಟೀದೇನ ಕೇಳ್ತಿ... ಅದನ್ನ ಜೀವಾ ಉಳಿಸಲೆಂತ ಕುಂಡ್ರಿಸಿದ್ರಂತ ಮಾಡಿಯೇನ? ಅದಿಲ್ಲದ ಪರವಾನಗಿ ಕೊಡಂಗಿಲ್ಲ ಅಂದ್ರು, ಕುಂಡ್ರಿಸಿದ್ರು. ಬೆಳಗಾವಿಂದ ಆ ಪ್ರಥಮೇಶ ಬಂದಿದ್ದ ನೋಡು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡಾಂವ. ಛತ್ತಿಗೆ ಬಿಳೇ ಬಟ್ಟಲದಂಥವು ಬಡದಾ. 'ಕಾಕಾ, ಇವು ಮೂಗು. ಕೆಳಗ ಕೌಂಟರ್ ಬಾಜು ಪೆಟ್ಟಿಗಿ ಐತಲ್ಲ, ಅದು ತಲಿ. ಗ್ವಾಡಿಗೆ ಇರೂದು ಬಾಯಿ. ಮೂಗಿಗೆ ಹೊಗಿ ಹತ್ತಿದ ಕೂಡ್ಲೆ ತಲಿಗೆ ತಿಳೀತೈತಿ, ಯಾವ ಮಾಳಿಗಿ ಅಂತ ಕೆಂಪ ದೀಪ ಹತ್ತತೈತಿ, ಎಲ್ಲಾ ಮಾಳಿಗ್ಯಾಗೂ ಬಾಯಿ ಬಡ್ಕೋತೈತಿ. ಬೆಂಕಿ ಕಣ್ಣಿಗೆ ಕಾಣೂದ್ರಾಗ ಜನ ರಸ್ತೆಕ್ಕ ಇಳದಿರ್ತಾರ' ಅಂದ. ನಾ ಹೂಂ ಹೂಂ ಅಂತ ಚಾ ಕುಡದೆ. ಎಲ್ಲಾ ತಿಳದಿತ್ತು ನನಗ. ತಿಳೀಲಿಲ್ಲ ಅಂತ ಹೇಳಾಕೂ ಬರಂಗಿಲ್ಲ.

ಮದಲನೇ ಅಮಾಸಿಗೇ ಶುರು ಆತಲ್ಲ ಗದ್ಲ! ಸಾವಕಾರ್ರು ಕೆಂಡಕ್ಕ ಮುಷ್ಟಿ ಲೋಬಾನ ಒಗದು ಎಲ್ಲಾ ಮಾಳಿಗ್ಯಾಗ ಧೂಪ ಹಾಕಿದ್ರು, ಆ ಮೂಗಿಗೇನ ಗೊತ್ತು ದೇವರ ಹೊಗಿ ಯಾವುದು, ದೆವ್ವದ ಹೊಗಿ ಯಾವುದು? ಒದರಿತು ನೋಡು... ಮುಧೋಳದಿಂದ ಮದುವಿ ಜವಳಿ ತಗೊಳ್ಳಾಕ ಬಂದಿದ್ದ ಮಂದಿ ಚಪ್ಪಲಿ ಬಿಟ್ಟು ಓಡಿದ್ರು. ಗಾದಿ ಮ್ಯಾಲ ಹರವಿದ ಸೀರಿ ಹರವಿದಂಗಽ ಉಳದ್ವು. ಆ ಮುದುಕಿ ಬೀಗತಿ ರಸ್ತೆದಾಗ ನಿಂತು, 'ಜವಳಿ ಮುಟ್ಟೂ ಮುಂದ ಬೊಬ್ಬಿ ಹೊಡೀತು, ಈ ಸಂಬಂಧ ಬ್ಯಾಡ' ಅಂದ್ಲಂತ! ಮರುದಿನ ಸಾವಕಾರ್ರು ಆ ಪೆಟ್ಟಿಗಿಗೆ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ್ರು. ಬೆಂಕಿ ಬಂದ್ರ ಒದರೂ ಪೆಟ್ಟಿಗಿಗೆ ದೃಷ್ಟಿ ಆಗಬಾರದಂತ!

ನಗಾಕತ್ತಿಯೇನ? ಇಲ್ಲಾ... ಕೆಮ್ಮು. ನೀರು? ತಡಿ, ತಲಿ ಎತ್ತಬ್ಯಾಡ.

ಅವತ್ತಿಂದ ಇದಽ ಪದ್ಧತಿ ಆತು. ಧೂಪ ಹಾಕೂ ಮುಂದ ಪೆಟ್ಟಿಗಿಗೆ ಕೀಲಿ ಹಾಕಿ ಆ ಮಾಳಿಗಿ ಬಂದ್ ಮಾಡೂದು, ಹೊಗಿ ಹೋದ ಮ್ಯಾಲ ಚಾಲೂ ಮಾಡೂದು. ಸಾವಕಾರ್ರ ಹುಕುಂ ಅದು. ಕೀಲೀನೂ ಅವರ ಕಡೇನ ಇರ್ತಿತ್ತು. ಬಂದ್ ಮಾಡಾವ್ರು ಅವರು, ಚಾಲೂ ಮಾಡಾವ್ರು ಅವರು. ನಾ ಯಾವ ಗಿಡದ ತಪ್ಪಲ?

ಆದ್ರ ಅವತ್ತ ಗಂಟಿ ಬಡೀತು. ಬಡೀತವಾ! ನಿಮ್ಮ ಎರಡೂ ಮಷೀನ್ ಗರಗರ ಅಂತಿದ್ವು, ಕೇಳಿರಲಿಕ್ಕಿಲ್ಲ. ತಲಿ ಯಾಕ ಅಲ್ಲಾಡಸ್ತಿ? ಇಲ್ಲ ಅಂದ್ರ ಹೆಂಗ? ಕೆಳಗ ನನಗ ಕೇಳಿ...

ಏ, ಏನ ಮಾಡಾಕತ್ತಿ? ಪಟ್ಟಿ ಯಾಕ ಬಿಚ್ಚತಿ? ಬಿಡು, ರಗತ ಬರ್ತೈತಿ! ನರ್ಸಮ್ಮ ಬೈತಾಳ ನನಗ. ತೋರಸಬ್ಯಾಡ, ಸುಟ್ಟ ಗಾಯ ನನಗ ನೋಡಾಕ ಆಗಂಗಿಲ್ಲ...

ಇದು ಸುಟ್ಟ ಗಾಯ ಅಲ್ಲಲ್ಲ.

ಕೊಯ್ದದ್ದು. ಅಂಗೈ ತುಂಬಾ.

ಗ್ವಾಡಿ ಮ್ಯಾಲಿನ ಕೆಂಪ ಡಬ್ಬಿ... ಗಾಜು. ಒಡದ್ಯಾ? ನೀ ಒಡದ್ಯಾ ಅದನ್ನ? ಹೌದು, ನಾನ ಹೇಳಿದ್ದೆ ನಿಮಗ, 'ಬೆಂಕಿ ಕಂಡ್ರ ಗಾಜ ಒಡೀರಿ, ಇಡೀ ಅಂಗಡಿ ಓಡಿ ಬರ್ತೈತಿ' ಅಂತ. ನೀ ಒಡದಿ. ಯಾರೂ ಬರಲಿಲ್ಲ. ಎಷ್ಟ ಸಲ ಬಡದಿ, ದಾನವ್ವಾ? ಕೈ ಹಿಂಗಾಗೂತನಕಾ?

ಇಲಿ... ಇಲಿ ವೈರ್ ಕಡದಿರಬೇಕು. ನೂಲಿನ ವಾಸನಿಗೆ ಬರ್ತಾವ, ನಿನಗ ಗೊತ್ತಿಲ್ಲೇನ? ರಬಕವಿ-ಬನಹಟ್ಟ್ಯಾಗ ಇಲಿ ಇಲ್ಲದ ಅಂಗಡಿ ಯಾವುದೈತಿ? ಇಲ್ಲಾಂದ್ರ ಆ ಪ್ರಥಮೇಶಂದು ಕಚ್ಚಾ ಕೆಲಸ. ಇಲ್ಲಾಂದ್ರ ಸಾವಕಾರ್ರು ಬಂದ್ ಮಾಡಿ ಮರತ... ಏನ ನೋಡ್ತಿ? ನನ್ನ ನಡದಾಗ ಏನೈತಿ?

ನೋಡು ಮತ್ತ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡನಂತ. ನೀ ಒಂದ ಮಾತ ಆಡಿಲ್ಲ, ನನ್ನ ಕೈ ತಾನಽ ಉಡದಾರಕ್ಕ ಹೋತು.

ಹೌದು. ಇಲ್ಲೇ ಐತಿ ಕೀಲಿ. ಮೂರ ವರ್ಷ ಉಡದಾರಕ್ಕಽ ಕಟ್ಟೇನಿ, ಜಳಕಾ ಮಾಡೂ ಮುಂದೂ ಬಿಚ್ಚಿಲ್ಲ. ಕೆಲಸದವರಿಗೆಲ್ಲಾ ಗೊತ್ತು, ನಿನಗ ಗೊತ್ತಿಲ್ಲದಿರ್ತೈತೇನ? ಪೊಲೀಸರಿಗೆ ಸಾವಕಾರ್ರ ಕಡೆ ಅಂದೆ. ಸಾವಕಾರ್ರು ಬೆಂಕ್ಯಾಗ ಹೋತು ಅಂದ್ರು. ಇಬ್ಬರೂ ಸುಳ್ಳ ಹೇಳಿದ್ವಿ.

ಅವತ್ತ ಸಾವಕಾರ್ರು ಊರಾಗಽ ಇರಲಿಲ್ಲ. ಅವತ್ತ ಅಮಾಸಿನೂ ಅಲ್ಲ. ಅವತ್ತ... ನಮ್ಮ ಕಾವ್ಯಾನ ಜವಳಿ ಇತ್ತು. ಇಪ್ಪತ್ತೆರಡ ವರ್ಷ ಮಂದಿ ಮಕ್ಕಳ ಜವಳಿ ಹರವಿ ತೋರಿಸಿದಾಂವ, ಅವತ್ತ ನನ್ನ ಮಗಳದು. ಬಿಳಗಿಯಿಂದ ಬೀಗರು ಬಂದಿದ್ರು. ಎರಡನೇ ಮಾಳಿಗ್ಯಾಗ ಗಾದಿ ಮ್ಯಾಲ ಕುಂತು, ಸೀರಿಗೆ ಅರಿಷಿಣ-ಕುಂಕುಮ ಹಚ್ಚಿ ಧೂಪ ಹಿಡೀಬೇಕಲ್ಲ. ಆ ಮುಧೋಳದ ಬೀಗತಿ ಮಾತು ನನ್ನ ತಲ್ಯಾಗ ಗುಂಯ್ ಅಂತಿತ್ತು. ನನ್ನ ಮಗಳ ಜವಳಿ ಮುಂದ ಆ ಹಾಳ ಗಂಟಿ ಒದರಿ ಏನರ ಹೆಚ್ಚುಕಡಿಮಿ ಆದ್ರ? ಕೀಲಿ ತಿರುವಿದೆ. ಎರಡನೇ ಮಾಳಿಗಿ ಬಂದ್. 'ಬಂದ್ ಮಾಡಿದ್ರ ಬರೇ ಮೂಗಲ್ಲ ಕಾಕಾ, ಗಾಜಿನ ಡಬ್ಬಿನೂ ಸತ್ತಂಗಽ' ಅಂತ ಪ್ರಥಮೇಶ ಬಡ್ಕೊಂಡಿದ್ದ. ಎರಡ ನಿಮಿಷದ ಕೆಲಸ, ಧೂಪ ಹೋಗಲಿ, ಮತ್ತ ತಿರುವತೇನಿ ಅಂದ್ಕೊಂಡೆ.

ತಿರುವಲಿಲ್ಲ. ಮರತೆ ಅಂತ ಹೇಳ್ಲೇನ? ಮರತಿರಲಿಲ್ಲ. ಬೀಗರು ಕೆಳಗ ಇಳದು ಚಾ-ಚೂಡಾ ತಿನ್ನಾಕತ್ತಿದ್ರು. ಅವರು ಗಾಡಿ ಹತ್ತೂತನಕಾ ಸುಮ್ಮನಿರಲಿ ಅಂತ ಬಿಟ್ಟೆ. ಬೇಕಂತಽ ಬಿಟ್ಟೆ. ನಾ ಚೂಡಾ ಬಡಸಾಕತ್ತಾಗ ಮ್ಯಾಲ ಏಸಿ ವೈರ್ ಹತ್ತಿಕೊಂಡಿತ್ತು.

ಹಾಲವ್ವ ಸಾಮಾನು ತರಾಕ ತಿರುಗಿ ಹೋದ್ಲು ಅಂತ ಬರದಾರ. ಯಾರ ಸಾಮಾನು? ನಿನಗೂ ಗೊತ್ತು. ಕಾವ್ಯಾನ ಮದುವಿ ಸೀರಿ ಆಕಿ ಮಷೀನ್ ಮ್ಯಾಲ ಇತ್ತು, ಫಾಲು ಅರ್ಧ ಆಗಿತ್ತು. ಇವತ್ತಽ ಬೇಕು ಅಂದಿದ್ದೆ. 'ನನ್ನ ಮಗಳ ಸೀರಿ ಇದು, ಒಂದ ಎಣ್ಣಿ ಕಲಿ ಬಿದ್ರ ನಾಳೆಯಿಂದ ಅಕ್ಕ-ತಂಗಿ ಇಬ್ಬರೂ ಕೆಲಸಕ್ಕ ಬರಬ್ಯಾಡ್ರಿ' ಅಂದಿದ್ದೆ. ಚ್ಯಾಷ್ಟಿ ಮಾಡಿದ್ನೆವಾ... ನಕ್ಕೋಂತ ಅಂದಿದ್ದೆ ಇಲ್ಲೋ? ಇಲ್ಲಾ? ನಕ್ಕಿರಲಿಲ್ಲೇನ ನಾ?

ಅದಕ್ಕಽ ತಿರುಗಿ ಹೋದ್ಲು ಹುಚ್ಚಿ. ಕಿಡಕಿ ತಗದು ಸೀರಿ ಹೊರಗ ಒಗದ್ಲು. ನಾ ಬಾಗಲದಾಗ ಬೀಗರಿಗೆ ಕೈ ಮುಗದು ನಿಂತಿದ್ದೆ. ಮುಂದ ಧಪ್ ಅಂತ ಬಿತ್ತು. ಗಂಟಿ ಹೇಳಬೇಕಾದ್ದನ್ನ ಆ ಸೀರಿ ಹೇಳಿತು. ಮೆಟ್ಟಲ ತುಂಬಾ ಹೊಗಿ, ಆಮ್ಯಾಲ ನಿಚ್ಚಣಕಿ ಹಚ್ಚಿದ್ರು, ನಿನ್ನ ಇಳಿಸಿದ್ರು. ಹಾಲವ್ವಗ ಟೈಂ ಸಾಲಲಿಲ್ಲ... ಎರಡ ನಿಮಿಷ ಸಾಲಲಿಲ್ಲ ಅಂದ್ರು ಡಾಕ್ಟರು. ಇಷ್ಟಽ. ಎಲ್ಲಾ ಹೇಳಿದೆ. ಮಾದೇವಿಗೂ ಹೇಳಿಲ್ಲ ಇದನ್ನ. ಇನ್ನೇನೂ ಉಳದಿಲ್ಲ.

ಯಾಕ ಇನ್ನೂ ನೋಡಾಕತ್ತಿ?

ಪಾಟಿ ನನ್ನ ಕಡೆ ಯಾಕ ಸರಸ್ತಿ? ನೀ ಬರಿ. ಬೈದು ಬರಿ, ನನ್ನ ಮನಿ ಹಾಳಾಗಲಿ ಅಂತ ಬರಿ! ನಾ ಏನ ಬರೀಲಿ? ಎಲ್ಲಾ ಹೇಳೇನಲ್ಲ...

ಕಿಡಕಿ ಕಡೆ ಯಾಕ ಬೆರಳ ತೋರಸ್ತಿ? ನೀನೂ ಇದ್ದೇನ ಆ ಕಿಡಕ್ಯಾಗ?

ಆಕಿ ಮಗ್ಗಲಾಗ? ಕೆಳಗ ನೋಡ್ಕೋಂತ?

ಹಂಗಾದ್ರ ನೋಡೀದಿ. ಸೀರಿ ಬಿದ್ದಾಗ ನಾ ಮ್ಯಾಲ ನೋಡಲಿಲ್ಲ, ದಾನವ್ವಾ. ಎತ್ತಿಕೊಂಡೆ. ಝಾಡಿಸಿದೆ. ಸೆರಗು ಬಿಚ್ಚಿದೆ, ಬಿಸಲಿಗೆ ಹಿಡದೆ, ಎಲ್ಲ್ಯರ ಕಲಿ ಬಿದ್ದೈತೇನಂತ ಅಂಚಿನಗುಂಟ ಆ ತುದಿಯಿಂದ ಈ ತುದಿತನಕಾ ಹುಡುಕಿದೆ. ಮಡಚಿ ಬಗಲಾಗ ಇಟ್ಕೊಂಡೆ. ಆಮ್ಯಾಲ ಬೈಯಾಕಂತ ತಲಿ ಎತ್ತಿದೆ.